ಶ್ರೀಗಂಧದೆಣ್ಣೆ: ಮೈಬಿಸಿಗೆ ಅರಳುವ ಪರಿಮಳ

ಪೂಜೆ, ಮದುವೆ, ಕಚೇರಿ ಎಲ್ಲಕ್ಕೂ ಒಪ್ಪುವ ನಿತ್ಯದ ಸುಗಂಧಗಳಲ್ಲಿ ಶ್ರೀಗಂಧದೆಣ್ಣೆ ಪ್ರಮುಖವಾದುದು. ಮೊದಲನೆಯ ಮಹಾಯುದ್ಧದಿಂದಾಗಿ ಗಂಧದ ಕೊರಡಿನ ರಫ್ತಿಗೆ ತಡೆಯುಂಟಾದಾಗ, ಮೈಸೂರು ಸಂಸ್ಥಾನವು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ತಾನೇ ಎಣ್ಣೆ ತೆಗೆಯಲಾರಂಭಿಸಿತು.

ಮರದ ಚೇಗು ಹಾಗೂ ಬೇರನ್ನು ಪುಡಿಮಾಡಿ, ಹಬೆಯಿಂದ ಭಟ್ಟಿ ಇಳಿಸಿ ಎಣ್ಣೆ ಪಡೆಯಲಾಗುತ್ತದೆ. ಇದರ ಮುಖ್ಯ ಘಟಕವಾದ ಸ್ಯಾಂಟಲಾಲ್ ಬೇಗನೆ ಆವಿಯಾಗದು. ಆದ್ದರಿಂದ ಹಚ್ಚಿದೊಡನೆ ಮಂದವೆನಿಸುವ ಪರಿಮಳ, ಮೈಬಿಸಿಗೆ ಕ್ರಮೇಣ ಮೃದುವಾಗಿ ಹರಡಿ ಗಂಟೆಗಟ್ಟಲೆ ಉಳಿಯುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಮಲ್ಲಿಗೆ, ಗುಲಾಬಿ ಅತ್ತರುಗಳಿಗೆ ಸಾಂಪ್ರದಾಯಿಕವಾಗಿ ಗಂಧದೆಣ್ಣೆಯೇ ಆಧಾರವಾದುದು ಈ ಗುಣದಿಂದ. ಮೊದಲು ಹೂವಿನ ಕಂಪು ಏಳುತ್ತದೆ, ಕೊನೆಗೆ ಗಂಧ ಉಳಿಯುತ್ತದೆ.

ಸೆಕೆ, ಬೆವರು ಹೆಚ್ಚಿರುವ ಬೈಂದೂರಿನಂಥ ಕರಾವಳಿ ಊರುಗಳಲ್ಲಿ ಲಘು ಸುಗಂಧಗಳು ಬೇಗ ಹಾರಿಹೋಗುತ್ತವೆ. ಅಲ್ಲಿ ಗಂಧದ ಅತ್ತರನ್ನು ಸ್ನಾನದ ನಂತರ ಒಣ ಮೈಗೆ ತುಸುವೇ ಹಚ್ಚಿದರೆ ಸಾಕು.

ಮರಗಳ್ಳತನ ಹಾಗೂ ಅತಿಯಾದ ಕಡಿತದಿಂದ ಗಂಧದ ಮರ ವಿರಳವಾಗಿ ಎಣ್ಣೆ ದುಬಾರಿಯಾಗಿದೆ. ಕೃತಕ ಗಂಧಗಳ ಬಳಕೆ ಹೆಚ್ಚಿದೆ. ರಾಜ್ಯವು 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಜಮೀನಿನ ಮಾಲೀಕರಿಗೇ ಮರದ ಒಡೆತನ ನೀಡಿತು. ಕೊಳ್ಳುವವರು ಶೀಶೆಯನ್ನು ಮೂಸಿ ನಿರ್ಧರಿಸದೆ, ಮಣಿಕಟ್ಟಿಗೆ ಹಚ್ಚಿ ಅರ್ಧ ಗಂಟೆ ಕಾಯುವುದು ಲೇಸು.