ರೋಬೋಟ್ ಅಂದರೆ ಬಿಟ್ಟಿ ಚಾಕರಿ

ಮೊಬೈಲಿನಲ್ಲಿ ದಿನಾ ರೋಬೋಟ್ ಸುದ್ದಿ ನೋಡುತ್ತೇವೆ. ಈ ಪದದ ಬೇರು ಹುಡುಕುತ್ತಾ ಹೋದರೆ ನಾವು ತಲುಪುವುದು ಯುರೋಪಿನ ಜಮೀನ್ದಾರರ ಹೊಲಕ್ಕೆ.

ಸ್ಲಾವ್ ಭಾಷೆಗಳಲ್ಲಿ ಒಂದೇ ಮೂಲದ ಪದ ಹಲವು ಕಡೆ ಇದೆ. ರಷ್ಯನ್ನರ 'ರಬೋತ', ಪೋಲೆಂಡಿನವರ 'ರೊಬೊತ' ಎರಡೂ ಬರೀ ಕೆಲಸ. ಆದರೆ ರಷ್ಯನ್ ಭಾಷೆಯ 'ರಬ್', ಸರ್ಬಿಯನ್ನರ 'ರೋಬ್' ಎಂದರೆ ಗುಲಾಮ.

ಚೆಕ್ ಜನ ಮಾಮೂಲಿ ಕೆಲಸಕ್ಕೆ 'ಪ್ರಾತ್ಸೆ' ಅನ್ನುತ್ತಾರೆ. ಅವರ 'ರೊಬೊತ' ಬೇರೆಯೇ: ಧಣಿಯ ಹೊಲದಲ್ಲಿ ಒಕ್ಕಲಿನ ರೈತ ಕೂಲಿಯಿಲ್ಲದೆ ಮಾಡಲೇಬೇಕಿದ್ದ ದುಡಿಮೆ. ನಮ್ಮ ಹಿರಿಯರು ಬಿಟ್ಟಿ ಚಾಕರಿ ಅನ್ನುತ್ತಿದ್ದರಲ್ಲ, ಅದೇ. ಎತ್ತೋ ಕುದುರೆಯೋ ಇದ್ದವರು ಅವನ್ನೂ ಹೊಡೆದುಕೊಂಡು ಹೋಗಬೇಕಿತ್ತು. 1775ರಲ್ಲಿ ಬೊಹೀಮಿಯಾದ ರೈತರು ದಂಗೆ ಎದ್ದರು. ಸೈನ್ಯ ಅಡಗಿಸಿತು. ಅದೇ ವರ್ಷ ರಾಣಿ ಮರಿಯಾ ತೆರೇಸಾ, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ದುಡಿಸಬಾರದೆಂದು ಆಜ್ಞೆ ಹೊರಡಿಸಿದಳು. ಮೂರು ದಿನ ಎಂದರೆ ಅರ್ಧ ವಾರ; ಇದನ್ನು ದೊಡ್ಡ ದಯೆ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಪದ್ಧತಿ ಪೂರ್ತಿ ರದ್ದಾಗಿದ್ದು 1848ರಲ್ಲಿ. ಆಗಲೂ ಧಣಿಗಳಿಗೆ ಕೊಟ್ಟ ಪರಿಹಾರದ ಒಂದು ಪಾಲನ್ನು ರೈತರೇ ಕಟ್ಟಬೇಕಾಯಿತು.

1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ಒಂದು ನಾಟಕ ಬರೆದರು. ಅದರಲ್ಲಿ ಕಾರ್ಖಾನೆಯೊಂದು ಕೃತಕ ಆಳುಗಳನ್ನು ತಯಾರಿಸುತ್ತದೆ. ಅವಕ್ಕೆ ಏನು ಹೆಸರಿಡುವುದು? ಲ್ಯಾಟಿನ್ ಮೂಲದ 'ಲಬೋರಿ' ಎಂಬುದು ಚಾಪೆಕ್‌ಗೆ ಹಿಡಿಸಲಿಲ್ಲ. ಚಿತ್ರ ಬರೆಯುತ್ತಿದ್ದ ಅಣ್ಣ ಯೋಸೆಫ್ 'ರೋಬೋಟ್' ಎನ್ನು ಅಂದರು.

ಆ ನಾಟಕದ ರೋಬೋಟ್‌ಗಳು ತಗಡಿನವಲ್ಲ, ನೋಡಲು ಮನುಷ್ಯರಂತೆಯೇ ಇರುತ್ತವೆ. ಕೂಲಿ ಕೇಳುವುದಿಲ್ಲ. ಕೊನೆಗೆ ಅವೂ ದಂಗೆ ಏಳುತ್ತವೆ.