ಮಧುಗಿರಿ ಸೀಮೆಯ ಬಚ್ಚಲ ಚಪ್ಪಡಿ

ರಾಮನಗರದ ಪೂರ್ವನಾಮವಾದ ಕ್ಲೋಸ್‌ಪೇಟೆಯಿಂದ ಹೆಸರನ್ನು ಪಡೆದ ಕಣಶಿಲೆಯ ಪಟ್ಟಿಯೊಂದು ದಕ್ಷಿಣೋತ್ತರವಾಗಿ ಹಬ್ಬಿ, ಕೊರಟಗೆರೆ, ಮಧುಗಿರಿ, ಪಾವಗಡಗಳ ಬೆಟ್ಟಗಳನ್ನು ಮೇಲೆತ್ತಿ, ಬಳ್ಳಾರಿಯ ಕಡೆಗೆ ಸಾಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಪಶ್ಚಿಮಕ್ಕಿರುವ ಶಿರಾ ಸೀಮೆಯಲ್ಲಿಯೂ ಶಿಲೆಗೆ ಬರವಿಲ್ಲ. ಹೀಗೆ ಬಂಡೆಗಳ ನಡುವೆ ಊರು ಕಟ್ಟಿಕೊಂಡ ಜನರು ಗೋಡೆಯನ್ನು ಮಣ್ಣಿನಿಂದಲೂ ನಡುಮನೆಯ ನೆಲವನ್ನು ಸಗಣಿಯ ಸಾರಣೆಯಿಂದಲೂ ನಿರ್ವಹಿಸಿಕೊಂಡರಾದರೂ, ನಿತ್ಯವೂ ನೀರು ಬೀಳುವ ಬಚ್ಚಲಿಗೆ ಮಾತ್ರ ಕಲ್ಲಿನ ಚಪ್ಪಡಿಯನ್ನೇ ಹಾಸಿದರು. ಇಂದು ಅಂಗಡಿಯಲ್ಲಿ ಟೈಲ್ಸ್ ಆರಿಸಲು ನಿಂತವರನ್ನು ಕಾಡುವ ಪ್ರಶ್ನೆಗಳಲ್ಲಿ ಬಹುಭಾಗಕ್ಕೆ ಆ ಚಪ್ಪಡಿಯೇ ಉತ್ತರವಾಗಿತ್ತೆಂಬುದು ನನ್ನ ದೃಢವಾದ ನಂಬಿಕೆ.

ಚಪ್ಪಡಿಯನ್ನು ಬಂಡೆಯಿಂದ ಎಬ್ಬಿಸುತ್ತಿದ್ದ ಕ್ರಮವೇ ಒಂದು ವಿದ್ಯೆ. ಮದ್ದಿನ ಸಿಡಿತಕ್ಕೆ ಸಿಕ್ಕ ಕಲ್ಲು ಅಡ್ಡಾದಿಡ್ಡಿಯಾಗಿ ಒಡೆಯುತ್ತದೆ. ಹದವಾದ ಬೆಂಕಿಗೆ ಸಿಕ್ಕ ಬಂಡೆಯಾದರೋ ಪದರವಾಗಿ ಏಳುತ್ತದೆ. ಬೆಂಗಳೂರಿನ ಕಲ್ಲುಗಣಿಯಲ್ಲಿ ನಡೆಯುತ್ತಿದ್ದ ಈ ಕೆಲಸವನ್ನು ಎಚ್. ವಾರ್ತ್ ಎಂಬ ವಿದ್ವಾಂಸನು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದಾನೆ. ಸುಮಾರು 7 ಅಡಿ ಉದ್ದದ ಸಾಲಿನಲ್ಲಿ ಒಣಸೌದೆಯನ್ನು ಉರಿಸಿ, ಬೆಂಕಿಯ ಮುಂದಿನ ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತ, ಪದರವು ತಳವನ್ನು ಬಿಟ್ಟಿತೆಂದು ನಾದವೇ ತಿಳಿಸಿದ ಮೇಲೆ ಉರಿಯನ್ನು ಕೆಲವೇ ಅಂಗುಲಗಳಷ್ಟು ಮುಂದಕ್ಕೆ ನೂಕುತ್ತ, ಸಾಲನ್ನು ಕ್ರಮಕ್ರಮವಾಗಿ 25 ಅಡಿಗಳ ಕಮಾನಾಗಿ ಬೆಳೆಸುತ್ತ, 8 ಗಂಟೆಗಳ ಅವಧಿಯಲ್ಲಿ 740 ಚದರಡಿ ವಿಸ್ತಾರವೂ ಸರಾಸರಿ 5 ಅಂಗುಲ ದಪ್ಪವೂ ಉಳ್ಳ ಹಾಸನ್ನು ಬಿಡಿಸುತ್ತಿದ್ದರು. ಇಷ್ಟಕ್ಕೆ ತಗಲುತ್ತಿದ್ದುದು ಮುಕ್ಕಾಲು ಟನ್ನಿನಷ್ಟು ಸೌದೆ. ಕಾದ ಮೇಲ್ಪದರವು ಹಿಗ್ಗಲು ಹವಣಿಸಿ, ತಣ್ಣಗಿರುವ ತಳದಿಂದ ತಾನಾಗಿ ಬೇರ್ಪಡುವುದೇ ಇದರ ಮರ್ಮ. ಕಿವಿಯನ್ನು ಅಳತೆಗೋಲಾಗಿಸಿಕೊಂಡ ಕಲ್ಲುಕುಟಿಗರ ಈ ಕೌಶಲಕ್ಕೆ ನಮ್ಮ ಶಿಲ್ಪಚರಿತ್ರೆಗಳಲ್ಲಿ ಗೌರವದ ಸ್ಥಾನ ಸಲ್ಲಬೇಕು.

ಹೀಗೆ ಎದ್ದ ಹಾಸನ್ನು ಸೀಳಿ, ಮೇಲ್ಮೈಗೆ ಚಾಣ ಹಾಕಿ, ಹಂಡೆಯ ಒಲೆಯಿಂದ ತೂಬಿನ ಕಡೆಗೆ ವಾಟ ಬರುವಂತೆ ಕೂರಿಸಿ, ಸಂದುಗಳಿಗೆ ಸುಣ್ಣದ ಗಾರೆಯನ್ನು ತುಂಬುತ್ತಿದ್ದರು. ಚಾಣದ ಪೆಟ್ಟಿನ ಒರಟುತನವು ಅಲಂಕಾರವಾಗಿರಲಿಲ್ಲ. ನರಕಚತುರ್ದಶಿಯ ಮುಂಜಾವಿನಲ್ಲಿ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಒಬ್ಬರ ಹಿಂದೊಬ್ಬರು ಬಂದು ನಿಂತಾಗ, ಹರಳೆಣ್ಣೆಯೂ ಸೀಗೆಪುಡಿಯ ನೊರೆಯೂ ಬೆರೆತ ನೀರಿನಲ್ಲಿ ಮುದುಕರ ಕಾಲು ಜಾರದಂತೆ ಹಿಡಿದುದು ಆ ಒರಟು ಮೈಯೇ. ನೀರು ತುಂಬುವ ಹಬ್ಬದ ದಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದಾಗ ಹುಳಿನೀರು ಹರಿದರೂ ಕಣಶಿಲೆಯ ಮೇಲೆ ಕಲೆ ಮೂಡುತ್ತಿರಲಿಲ್ಲ. ತೆಂಗಿನ ನಾರಿನಿಂದ ಉಜ್ಜಿ, ನೀರು ಸುರಿದು, ತೂಬಿನ ಬಾಯಿಯನ್ನು ಬಿಡಿಸಿದರೆ ಆರೈಕೆ ಮುಗಿಯಿತು.

ಕಲ್ಲು ಎಷ್ಟು ಬಾಳುತ್ತದೆಂಬುದಕ್ಕೆ ಶಿರಾದಲ್ಲಿ ನಿದರ್ಶನವಿದೆ. 1687ರಿಂದ ಮೊಗಲರ ಸುಬೆಯ ಮುಖ್ಯಪಟ್ಟಣವಾಗಿದ್ದ ಆ ಊರಿನಲ್ಲಿ ಸುಬೇದಾರ ದಿಲಾವರ ಖಾನನ ಅರಮನೆ ಹಾಳಾಯಿತು. ಕಡೆದ ಕಲ್ಲಿನಿಂದ 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿ ಇನ್ನೂ ನಿಂತಿದೆ.

ಆದರೆ ನೆಲದ ಯೋಗಕ್ಷೇಮವು ಕಲ್ಲನ್ನು ಮಾತ್ರವಲ್ಲದೆ ನೀರನ್ನೂ ಅವಲಂಬಿಸಿದೆ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕುಗಳೂ ತಲಪರಿಗೆಗಳಿಗೆ ಹೆಸರಾದವು. ನದಿಯ ಪಾತ್ರದಲ್ಲಿಯೂ ತಗ್ಗು ನೆಲದಲ್ಲಿಯೂ ಅಗೆದು ಕಾಲುವೆಗೆ ತಿರುಗಿಸಿದ ಆ ಒರತೆಗಳು ಮಣ್ಣಿನ ಮೇಲ್ಪದರದ ನೀರನ್ನು ಕೊಡುತ್ತಿದ್ದವು. ಅವು ಬತ್ತಿ, ನೂರಾರು ಅಡಿ ಆಳದ ಕೊಳವೆಬಾವಿಗಳು ಬಂದ ಮೇಲೆ, ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಲವಣಗಳನ್ನು ಕರಗಿಸಿಕೊಂಡ ಗಡಸು ನೀರು ಬಚ್ಚಲಿಗೆ ಇಳಿಯಿತು. ಪಾವಗಡದ ಅನೇಕ ಗ್ರಾಮಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು ಸರ್ವವಿದಿತ. ಅದು ಹಲ್ಲು ಮೂಳೆಗಳ ಸಂಕಟ. ನೆಲದ ಮೇಲೆ ಬಿಳಿಯ ಹೊರಪೆಯಾಗಿ ಕೂರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣ.

ಇದೇ ಕಾಲದಲ್ಲಿ ನೆಲವೂ ಬದಲಾಯಿತು. ಮೂರು ಕಡೆ ಆಂಧ್ರವು ಸುತ್ತುವರಿದಿರುವ ಪಾವಗಡಕ್ಕೆ ಕಡಪದ ಕಪ್ಪು ಕಲ್ಲು ದೂರದ್ದಲ್ಲ; ಕಲಬುರಗಿ ಕಡೆಯ ಶಹಾಬಾದಿ ಕಲ್ಲೂ, ಕೆಂಪು ಬಣ್ಣದ ಸಿಮೆಂಟು ಗಾರೆಯೂ, ಮೊಸಾಯಿಕ್ಕೂ, ಕೊನೆಗೆ ಗುಜರಾತಿನ ಮೋರ್ಬಿಯಿಂದ ಲಾರಿಗಳಲ್ಲಿ ಬರುವ ಟೈಲ್ಸ್‌ಗಳೂ ಒಂದರ ಬೆನ್ನಿಗೊಂದು ಬಂದವು. ನೆಲ ಬದಲಾದರೂ ಅದಕ್ಕೆ ತಕ್ಕ ಆರೈಕೆಯ ತಿಳಿವಳಿಕೆ ಜೊತೆಗೆ ಬರಲಿಲ್ಲವೆಂಬುದೇ ನನ್ನ ಕೊರಗು. ಬಿಳಿ ಹೊರಪೆಯನ್ನು ಕಂಡೊಡನೆ ಆ್ಯಸಿಡ್ ಸುರಿಯುವುದು ಮನೆಮನೆಯ ಪದ್ಧತಿಯಾಗಿದೆ. ಕಡಪ, ಶಹಾಬಾದಿ ಕಲ್ಲುಗಳು ಸುಣ್ಣಶಿಲೆಗಳು. ಆ್ಯಸಿಡ್ ಬಿದ್ದಲ್ಲಿ ಬುರುಬುರು ನೊರೆಯೆದ್ದು ಕಲ್ಲೇ ಕರಗುತ್ತದೆ. ಹುಣಸೆಯ ಹುಳಿಯೂ ಅವುಗಳ ನುಣುಪನ್ನು ಮಾಸಿಸಬಲ್ಲದು. ಟೈಲ್ಸ್‌ನ ಹೊಳಪು ತಡೆದುಕೊಂಡರೂ ಸಂದಿನ ಸಿಮೆಂಟು ಸವೆದು, ನೀರು ಒಳಗಿಳಿದು, ಬಿಲ್ಲೆಗಳು ಟೊಳ್ಳಾಗಿ ಸದ್ದು ಮಾಡತೊಡಗುತ್ತವೆ.

ಆದುದರಿಂದ ಹೊಸದಾಗಿ ಬಚ್ಚಲು ಮಾಡಿಸುವವರು ಕನ್ನಡಿಯಂತಹ ಹೊಳಪಿಗೆ ಮರುಳಾಗದೆ, ಒರಟು ಮೈಯ ಚಿಕ್ಕ ಬಿಲ್ಲೆಗಳನ್ನು ಆರಿಸಿ, ಗಾರೆಯವರಿಂದ ಅಡಿಗೆ ಕಾಲಂಗುಲದ ವಾಟವನ್ನು ಹಟಹಿಡಿದು ಕೊಡಿಸಿಕೊಳ್ಳುವುದು ಯುಕ್ತ. ಸ್ನಾನವಾದ ಮೇಲೆ ವೈಪರಿನಿಂದ ನೀರೆಳೆದರೆ ಹೊರಪೆ ಕಟ್ಟಲು ಅವಕಾಶವೇ ಕಡಿಮೆ. ಸುಣ್ಣಶಿಲೆಯ ನೆಲಕ್ಕೆ ಸೋಪಿನ ನೀರೂ ಬ್ರಷ್ಷೂ ಸಾಕು. ಹಳೆಯ ಮನೆಯನ್ನು ಕೆಡವುವವರಲ್ಲಿಯೂ ಒಂದು ಬಿನ್ನಹವಿದೆ: ಬಚ್ಚಲ ಚಪ್ಪಡಿಯನ್ನು ಜಲ್ಲಿಯ ರಾಶಿಗೆ ಸೇರಿಸಬೇಡಿರಿ. ಎಷ್ಟೋ ತಲೆಗಳ ನೀರಿಗೆ ನುಣುಪಾಗಿದ್ದರೆ ಮಗುಚಿ ಹಾಕಿ, ಮತ್ತೊಮ್ಮೆ ಚಾಣ ಹೊಡೆಸಿದರೆ ಹೊಸ ಬಚ್ಚಲಿಗೂ ಅದು ಒದಗುತ್ತದೆ.