ಬೂತಾಯಿಯ ವಯಸ್ಸು: ಕಿವಿಗಲ್ಲಿನ ಉಂಗುರಗಳ ಮರುಪರಿಶೀಲನೆ

ಅರಬ್ಬೀ ಸಮುದ್ರದ ಬೂತಾಯಿ (ಸಾರ್ಡಿನೆಲ್ಲಾ ಲಾಂಜಿಸೆಪ್ಸ್) ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಕಾಲ ಬದುಕುತ್ತದೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಎರಡು ಉತ್ತರಗಳು ಬಂದವು. ಮದರಾಸು ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು 1924ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಈ ಮೀನು ವರ್ಷ ತುಂಬುವಷ್ಟರಲ್ಲಿ ಸುಮಾರು 15 ಸೆಂ.ಮೀ. ಬೆಳೆದು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಎರಡೂವರೆ ವರ್ಷ ದಾಟುವುದು ಅಪರೂಪ. 1949ರಲ್ಲಿ ಆರ್. ವಿ. ನಾಯರ್ ಕಿವಿಗಲ್ಲಿನ ಉಂಗುರಗಳನ್ನು ಮುಂದಿಟ್ಟರು. ಅವರ ಲೆಕ್ಕದಲ್ಲಿ ಮೊದಲ ವರ್ಷದ ಬೆಳವಣಿಗೆ ಸುಮಾರು 10 ಸೆಂ.ಮೀ. ಮಾತ್ರ, 15 ಸೆಂ.ಮೀ. ಮುಟ್ಟಲು ಎರಡು ವರ್ಷ ಬೇಕು.

ಉಂಗುರವೆಂದರೆ ಕಣ್ಣಿಗೆ ಕಾಣುವ ಸಾಕ್ಷ್ಯ. ಹಾರ್ನೆಲ್ ಮತ್ತು ನಾಯುಡು ಅವರ ಬಳಿ ಇದ್ದದ್ದು ತಿಂಗಳು ತಿಂಗಳು ಅಳೆದ ಮೀನಿನ ಉದ್ದದ ಪಟ್ಟಿಗಳಷ್ಟೇ. ಹೀಗಾಗಿ ಹಳೆಯ ವರದಿ ಬದಿಗೆ ಸರಿದದ್ದು ಸಹಜ. ಆದರೆ ಹಾಗೆ ಬದಿಗೆ ಸರಿಸಿದ್ದು ಸರಿಯಾಗಿರಲಿಲ್ಲ.

ಬೂತಾಯಿಯ ಕಿವಿಗಲ್ಲು ತಲೆಬುರುಡೆಯೊಳಗೆ ಅಡಗಿರುವ, ಕೆಲವೇ ಮಿಲಿಮೀಟರ್ ಉದ್ದದ ಸುಣ್ಣದ ಹರಳು. ಒಂದು ತುದಿ ಮೊನೆಯಾಗಿ ಚಾಚಿರುತ್ತದೆ. ಕಪ್ಪು ಹಿನ್ನೆಲೆಯ ಮೇಲಿಟ್ಟು ಬೆಳಕು ಹಾಯಿಸಿದರೆ ಬಿಳಿಯ ಅಪಾರದರ್ಶಕ ಪಟ್ಟಿಗಳ ನಡುವೆ ತೆಳುವಾದ ಕಪ್ಪು ಗೆರೆಗಳು ಕಾಣುತ್ತವೆ. ಬೆಳವಣಿಗೆ ಕುಂಠಿತವಾದಾಗ ಇಂಥ ಗೆರೆ ಮೂಡುತ್ತದೆ ಎಂಬಷ್ಟರಲ್ಲಿ ತಕರಾರಿಲ್ಲ. ಅದು ವರ್ಷಕ್ಕೊಮ್ಮೆಯೇ ಮೂಡುತ್ತದೆ ಎಂಬುದಕ್ಕೆ ಮಾತ್ರ ಬೇರೆಯೇ ಪುರಾವೆ ಬೇಕು. ನಾರ್ವೆಯಲ್ಲಿ ಐನಾರ್ ಲೀ ಹೆರಿಂಗ್ ಮೀನಿನ ಹುರುಪೆಯ ಉಂಗುರಗಳನ್ನು ಎಣಿಸಿದಾಗ ಆ ಪುರಾವೆಯನ್ನು ಚಳಿಗಾಲವೇ ಒದಗಿಸಿತ್ತು. ಅಲ್ಲಿ ವರ್ಷಕ್ಕೊಂದೇ ಚಳಿಗಾಲ, ವರ್ಷಕ್ಕೊಂದೇ ಗೆರೆ. ಅದೇ ನಿಯಮವನ್ನು ಮಲಬಾರಿನ ಕಡಲಿಗೆ ತಂದು ಹಚ್ಚಲು ಆಧಾರವಿಲ್ಲ.

ಈ ಕಡಲಿನ ವರ್ಷ ಮುಂಗಾರಿನ ಸುತ್ತ ತಿರುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ; ಡಯಾಟಮ್ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಮೊಟ್ಟೆಯಿಡುವುದೂ ಮುಖ್ಯವಾಗಿ ಇದೇ ತಿಂಗಳುಗಳಲ್ಲಿ. ಅಂದರೆ ನೀರು ತಣಿಯುವ ಕಾಲವೇ ಇಲ್ಲಿ ಮೇವಿನ ಕಾಲ, ಉತ್ತರದ ಕಡಲುಗಳಿಗೆ ನೇರ ತಿರುವುಮುರುವು. ಬಲಿತ ಮೀನಿಗೆ ಮೊಟ್ಟೆಯಿಟ್ಟ ದಣಿವು ಒಂದು ಗೆರೆ ಎಳೆಯಬಹುದು, ಮುಂಗಾರಿಗೆ ಮೊದಲಿನ ಮೇವಿನ ಕೊರತೆ ಇನ್ನೊಂದನ್ನು. ವರ್ಷಕ್ಕೆ ಎರಡು ಗೆರೆ ಮೂಡುವುದಾದರೆ ನಾಲ್ಕು ವರ್ಷದ ಮೀನು ಎರಡು ವರ್ಷದ್ದಾಗುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: 10 ಸೆಂ.ಮೀ. ಮೀನು ಮೊಟ್ಟೆಯಿಟ್ಟಿರುವುದೇ ಇಲ್ಲ, ಹಾಗಾದರೆ ಅದರ ಗೆರೆ ಎಲ್ಲಿಂದ ಬಂತು? ಮರಿ ಬೂತಾಯಿ ಹೆಚ್ಚಾಗಿ ತಿನ್ನುವುದು ಸಣ್ಣ ಪ್ರಾಣಿಪ್ಲವಕಗಳನ್ನು. ಬೆಳೆದಂತೆ ಡಯಾಟಮ್‌ಗಳ ಕಡೆ ಹೊರಳುತ್ತದೆ. ಆಹಾರ ಬದಲಾಗುವ, ದಡದತ್ತ ಸರಿಯುವ ಹೊತ್ತಿನಲ್ಲೂ ಬೆಳವಣಿಗೆ ತಡವರಿಸಬಹುದು. ಆ ಗೆರೆಗೆ ವರ್ಷದ ಮುದ್ರೆ ಒತ್ತಲೇಬೇಕಾದ ಅಗತ್ಯವಿಲ್ಲ.

ಉದ್ದದ ಪಟ್ಟಿಗಳನ್ನು ಓದುವಲ್ಲಿಯೂ ಒಂದು ತೊಡಕಿದೆ. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿರುತ್ತಿದ್ದವು. ಮಲಬಾರಿನಲ್ಲೂ ರಂಪಣಿ ಬಲೆ ಬೀಸುತ್ತಿದ್ದ ಕನ್ನಡ ಕರಾವಳಿಯಲ್ಲೂ ಹಂಗಾಮು ತೆರೆದುಕೊಳ್ಳುತ್ತಿದ್ದುದು ಮಳೆ ಇಳಿದ ಮೇಲೆ. ಮರಿಗಳು ಅತಿ ವೇಗವಾಗಿ ಬೆಳೆಯುವ ತಿಂಗಳುಗಳೇ ಪಟ್ಟಿಯಲ್ಲಿ ಖಾಲಿ. ಆದ್ದರಿಂದ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಲೆಗೆ ಬೀಳುವ ಗೇಣಿಗಿಂತ ಚಿಕ್ಕ ಮೀನನ್ನು ಹಿಂದಿನ ವರ್ಷದ್ದೆಂದು ಬಗೆಯುವುದು ಸುಲಭ. ಅದು ಅದೇ ಮಳೆಗಾಲದ ಮರಿ ಎಂದು ಹಾರ್ನೆಲ್ ಮತ್ತು ನಾಯುಡು ಗ್ರಹಿಸಿದ್ದರು.

1971ರಲ್ಲಿ ಜಾರ್ಜಿಯೊ ಪನ್ನೆಲ್ಲಾ ಕಿವಿಗಲ್ಲಿನಲ್ಲಿ ದಿನಕ್ಕೊಂದರಂತೆ ಸೇರುವ ಸೂಕ್ಷ್ಮ ಪದರಗಳನ್ನು ತೋರಿಸಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ದಿನಗಳನ್ನೇ ಎಣಿಸಬಹುದಾದಲ್ಲಿ ವರ್ಷವನ್ನು ಊಹಿಸುವ ಅಗತ್ಯವಿಲ್ಲ. ಶ್ರೀಲಂಕಾದ ಸಾರ್ಡಿನೆಲ್ಲಾ ಜಾತಿಗಳ ಬಗ್ಗೆ 1986ರಲ್ಲಿ ಪ್ರಕಟವಾದ ಅಧ್ಯಯನ ಈ ದಾರಿ ಹಿಡಿಯಿತು. ಉಷ್ಣವಲಯದ ಸಾರ್ಡಿನ್‌ಗಳು ಬೇಗ ಬೆಳೆದು ಬೇಗ ಮುಗಿಯುವ ಮೀನುಗಳೆಂಬುದೇ ಇಂದಿನ ಸಾಮಾನ್ಯ ತಿಳಿವಳಿಕೆ. ಇಷ್ಟರಿಂದ ನಾಯರ್ ಅವರ ಇತರ ಕೆಲಸದ ಬೆಲೆ ತಗ್ಗುವುದಿಲ್ಲ: ಫ್ರಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್‌ಗೂ ಬೂತಾಯಿಯ ಸಮೃದ್ಧಿಗೂ ನಂಟಿದೆಯೆಂದು ಸುಬ್ರಹ್ಮಣ್ಯನ್ ಜೊತೆ ಅವರು 1955ರಲ್ಲಿ ತೋರಿಸಿದ್ದು ಈ ಕ್ಷೇತ್ರದ ಗಟ್ಟಿ ಕೊಡುಗೆಗಳಲ್ಲೊಂದು.

ವಯಸ್ಸಿನ ಈ ವಾದ ಮೀನುಗಾರಿಕೆಯ ನೀತಿಗೂ ಸಂಬಂಧಿಸಿದ್ದು. ಬೂತಾಯಿ ಕ್ಷೀಣಿಸಿದ್ದ 1943ರಲ್ಲಿ ಮದರಾಸು ಸರ್ಕಾರ ಕೆಲವು ಬಲೆಗಳ ಮೇಲೂ ಮರಿಮೀನು ಹಿಡಿಯುವುದರ ಮೇಲೂ ನಿರ್ಬಂಧ ಹೇರಿ, 1947ರಲ್ಲಿ ಹಿಂತೆಗೆದುಕೊಂಡಿತು. ಎರಡೂವರೆ ವರ್ಷ ಬದುಕುವ ಮೀನಿನ ಸಂತತಿ ಒಂದೆರಡು ಮುಂಗಾರಿನ ಮರಿಗಳನ್ನೇ ನೆಚ್ಚಿರುತ್ತದೆ. ಒಂದು ಮಳೆಗಾಲ ಕೈಕೊಟ್ಟರೆ ಹಳೆಯ ತಲೆಮಾರಿನ ದಾಸ್ತಾನು ಇರುವುದಿಲ್ಲ. ಕೇರಳ 2015ರಲ್ಲಿ ಬೂತಾಯಿಗೆ ಗೊತ್ತುಪಡಿಸಿದ ಕನಿಷ್ಠ ಗಾತ್ರ 10 ಸೆಂ.ಮೀ. ಹಾರ್ನೆಲ್–ನಾಯುಡು ಲೆಕ್ಕದಲ್ಲಿ ಅದು ವರ್ಷ ತುಂಬದ, ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮೀನು.